ಬಸವನಹುಳು ಬಿಟ್ಟುಹೋದ ಸಾಲುಗಳು

೧

ಈ ಕಥೆಯನ್ನ ಬಸವನಹುಳುವಿನಿಂದ ಶುರು ಮಾಡಲೋ ಅತ್ತಿಗೆಯಿಂದ ಶುರು ಮಾಡಲೋ ಅನ್ನೋದು ಬೆಳಗ್ಗೆಯಿಂದ ಬಗೆಹರಿದಿಲ್ಲ. ಹುಳುವಿನಿಂದ ಶುರು ಮಾಡಿದರೆ ನೀವು ಇದೇನೋ ಮಕ್ಕಳ ಕಥೆ ಅಂದುಕೊಂಡು ಪುಟ ತಿರುಗಿಸಿಬಿಡ್ತೀರಿ. ಅತ್ತಿಗೆಯಿಂದ ಶುರು ಮಾಡಿದರೆ ಅತ್ತಿಗೆಗೆ ಸಿಟ್ಟು ಬರುತ್ತೆ. ಅವರು ಇಲ್ಲೇ ಇದ್ದಾರೆ, ನನ್ನಿಂದ ಮೂರಡಿ ದೂರದಲ್ಲಿ, ಹೊಲಿಗೆ ಮಿಷನ್ನಿನ ಮುಂದೆ, ಯಾರದೋ ಕೋಟಿನ ತೋಳು ಬಿಚ್ಚುತ್ತಾ. ಬರೆದದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳಬೇಕು, ಆ ಷರತ್ತಿನ ಮೇಲೆ ಅವರು ಈ ಕಥೆಗೆ ಬರೋಕೆ ಒಪ್ಪಿರೋದು.

ಮೊದಲ ಡ್ರಾಫ್ಟ್: ಹೊಂಬಿಸಿಲಿನಲ್ಲಿ ಆಕೆ ತನ್ನ ಪುಟ್ಟ ತೋಟದ ಅಂಚಿನಲ್ಲಿ ನಿಂತು ದೀರ್ಘವಾಗಿ ನಿಟ್ಟುಸಿರಿಟ್ಟಳು.

("ಯಾರೋ ನಿಟ್ಟುಸಿರಿಟ್ಟಿದ್ದು?"

"ನೀವೇ, ಅತ್ತಿಗೆ."

"ನಾನ್ಯಾಕೆ ನಿಟ್ಟುಸಿರಿಡ್ಲಿ? ಹಿಡಿಶಾಪ ಹಾಕ್ದೆ. ಹಾಗೇ ಬರಿ.")

ಸರಿ. ಹಿಡಿಶಾಪ ಹಾಕಿದರು. ಡ್ರಾಫ್ಟ್ ಬುಟ್ಟಿಗೆ.

೨

ವಿಷಯಕ್ಕೆ ಬರ್ತೀನಿ. ಏಳು ಮನೆಗಳ ಹಳೇ ಕಟ್ಟಡ, ಅದರ ಹಿಂದೆ ಒಂದು ತುಂಡು ನೆಲ. ಎರಡು ಮಂಚ ಹಾಕಿದರೆ ಮುಗೀತು, ಅಷ್ಟೇ ಜಾಗ. ಎರಡು ಮಳೆಗಾಲ ಅತ್ತಿಗೆ ಅಲ್ಲಿ ಕೋಸು, ಬೀನ್ಸು, ಸೌತೆ ಹಾಕಿದರು. ಎರಡು ಮಳೆಗಾಲವೂ ಬಸವನಹುಳುಗಳು, ಜೊತೆಗೆ ಚಿಪ್ಪಿಲ್ಲದ ಅವುಗಳ ದಾಯಾದಿಗಳು, ಬುಡಸಮೇತ ಮುಗಿಸಿ ಹೋದವು. ಈ ಸಲ ಕಟ್ಟಡದ ಸೆಕ್ರೆಟರಿ ಬಾಗಿಲಿಗೆ ಬಂದರು. (ನಾವು ಅವರನ್ನ ಬೀಗದಕೈ ಅಂತೀವಿ. ನೀರಿನ ಟ್ಯಾಂಕಿನಿಂದ ಹಿಡಿದು ಮೆಟ್ಟಿಲಿನ ಲೈಟಿನವರೆಗೆ ಎಲ್ಲದರ ಬೀಗದಕೈಯೂ ಅವರ ಸೊಂಟದಲ್ಲೇ.)

"ನೋಡಮ್ಮ, ಬೋಳು ನೆಲ ಸುಮ್ನೆ ಬಿದ್ದಿದೆ. ಸಿಮೆಂಟ್ ಹಾಕಿಸಿದ್ರೆ ನಾಲ್ಕು ಸ್ಕೂಟರ್ ನಿಲ್ಲುತ್ತೆ. ಎರಡು ತಿಂಗಳು ಟೈಮ್ ಕೊಡ್ತೀನಿ. ಹಸಿರು ಕಂಡ್ರೆ ಮೀಟಿಂಗಲ್ಲಿ ಕೈ ಎತ್ತಿಸೋಣ. ಕಾಣದಿದ್ರೆ ಮಾತೇ ಬೇಡ."

ಅವರು ಕೆಟ್ಟವರೇನಲ್ಲ. ಮೇಲಿನ ಮನೆಯ ನರ್ಸಮ್ಮನ ಸ್ಕೂಟರ್ ರಸ್ತೆಯಲ್ಲಿ ನಿಂತು ನಿಂತು, ಅದರ ಸೀಟನ್ನ ಯಾರೋ ಎರಡು ಸಲ ಕುಯ್ದಿದ್ದರು. ಎರಡು ಸಲವೂ ಅದನ್ನ ಹೊಲಿದುಕೊಟ್ಟಿದ್ದು ನಮ್ಮ ಅತ್ತಿಗೆಯೇ.

ಆದರೆ ದಿನಕ್ಕೆ ಹತ್ತು ಗಂಟೆ ಮಿಷನ್ ಮೇಲೆ ಬಗ್ಗಿ ಕೂರುವವರಿಗೆ ಆ ನೆಲ ಬಿಟ್ಟರೆ ಬೇರೆ ಜಾಗವಿಲ್ಲ. "ಅಲ್ಲೂ ಬಗ್ಗೋದೇ ತಾನೆ?" ಅಂತ ಒಂದು ಸಲ ತಮಾಷೆ ಮಾಡಿದ್ದೆ. "ಅಲ್ಲಿ ನನಗೋಸ್ಕರ ಬಗ್ತೀನಿ" ಅಂದರು.

೩

(ನಿಮಗೆ ಅಣ್ಣನ ನೆನಪಾಗಿರಬಹುದು. ಅಣ್ಣ ಬಸ್ ಓಡಿಸ್ತಾನೆ. ಈ ಕಥೆ ನಡೆಯುವಷ್ಟು ಹೊತ್ತೂ ಡ್ಯೂಟಿಯಲ್ಲಿದ್ದಾನೆ. ಪಾತ್ರ ಕಮ್ಮಿ ಇದ್ದಷ್ಟೂ ನನಗೆ ಅನುಕೂಲ.)

ನಾನು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವನು. ಬೇರೆಯವರ ತಪ್ಪು ಹುಡುಕೋದೇ ಹೊಟ್ಟೆಪಾಡು, ಆದ್ದರಿಂದ ಅತ್ತಿಗೆಗೆ ಸಲಹೆ ಕೊಡೋಕೆ ಹೋದೆ. "ಹುಳುವಿನ ಔಷಧಿ ಹಾಕಿಬಿಡಿ, ಒಂದೇ ದಿನದಲ್ಲಿ ಕ್ಲೀನ್."

"ವಿಷ ಹಾಕಲ್ಲ ಕಣೋ. ಅವೇನು ನನ್ನ ಮೇಲೆ ಹಗೆ ಇಟ್ಕೊಂಡು ಬಂದಿದಾವಾ? ಹೊಟ್ಟೆ ಹಸಿದು ಬಂದಿವೆ. ಅವಕ್ಕೆ ಬೇಡದ್ದನ್ನ ನಾನು ಬೆಳೀತೀನಿ, ಅಷ್ಟೇ."

ಹಾಗಂದು ತಮ್ಮ ಅಳತೆ ಪುಸ್ತಕ ತೆಗೆದರು. ಗಿರಾಕಿಗಳ ಎದೆ, ಸೊಂಟ, ತೋಳುದ್ದ ಬರೆದುಕೊಳ್ಳುವ ಪುಸ್ತಕ. ಅದರ ಕೊನೆಯ ಪುಟದಲ್ಲಿ ಎರಡು ಮಳೆಗಾಲದ ಹುಳುಗಳ ಅಳತೆಯೂ ಇತ್ತು. ಕೋಸು: ಮೂರು ದಿನ. ಬೀನ್ಸು: ಒಂದೇ ರಾತ್ರಿ. ಸೌತೆ: ಮೊಳಕೆಯೇ ಕಾಣಲಿಲ್ಲ. ಅದರ ಕೆಳಗೆ, ನೆಲದ ಮೂಲೆಯಲ್ಲಿ ತಾವಾಗಿಯೇ ಹುಟ್ಟಿಕೊಂಡವು: ಸಬ್ಬಸಿಗೆ, ಮೂಸಿ ಬಿಟ್ಟವು. ಈರುಳ್ಳಿ, ಮುಟ್ಟಿಲ್ಲ. ಮೆಂತ್ಯ, ಮುಟ್ಟಿಲ್ಲ. ಕೊತ್ತಂಬರಿ, ಮುಟ್ಟಿಲ್ಲ. ಬೀಟ್‌ರೂಟ್, ಎಲೆಗೆ ಒಂದೆರಡು ತೂತು, ಪರವಾಗಿಲ್ಲ.

ಘಾಟು, ಕಹಿ, ಮೂಗಿಗೆ ಹೊಡೆಯುವ ವಾಸನೆ. ಈ ಸಲ ಈ ಐದನ್ನೇ ಐದು ಸಾಲು ಹಾಕೋದು ಅಂತ ತೀರ್ಮಾನಿಸಿದರು.

ನಿಜ ಹೇಳ್ತೀನಿ, ಇಪ್ಪತ್ತು ವರ್ಷದಿಂದ ನಾನು ಬರೀತಿದ್ದೀನಿ, ಇಷ್ಟು ಗಮನವಿಟ್ಟು ಒಂದು ಜೀವವನ್ನೂ ನೋಡಿಲ್ಲ.

೪

ಈಗ ನನ್ನ ತಪ್ಪು. ಇದನ್ನ ಬಿಟ್ಟು ಬರೆಯೋಣ ಅಂತಿದ್ದೆ, ಅತ್ತಿಗೆ ಬಿಡಲಿಲ್ಲ.

ಅತ್ತಿಗೆಯ ಮಂಡಿ ಕುಕ್ಕರುಗಾಲಿಗೆ ಒಗ್ಗಲ್ಲ. ಒಂದೊಂದೇ ಬೀಜ ಊರೋದು ಆಗದ ಮಾತು. ಅದಕ್ಕೆ ಅವರು ತಮ್ಮದೇ ದಾರಿ ಕಂಡುಕೊಂಡರು. ಎರಡು ಕಾಗದದ ಪಟ್ಟಿ, ನಡುವೆ ಬೀಜ, ಸುತ್ತ ಉದ್ದ ಹೊಲಿಗೆ. ಈರುಳ್ಳಿಗೆ ನಾಲ್ಕು ಬೆರಳಿನ ಅಂತರ, ಬೀಟ್‌ರೂಟಿಗೆ ಅರ್ಧ ಗೇಣು. ಪಟ್ಟಿಯನ್ನ ಗೀರಿದ ಮಣ್ಣಿನಲ್ಲಿ ಮಲಗಿಸಿ, ಮೇಲೆ ಮಣ್ಣೆಳೆದು ನೀರು ಹಾಕಿದರೆ ಕಾಗದ ಕರಗುತ್ತೆ, ಬೀಜ ಸಾಲಿನಲ್ಲಿ ಏಳುತ್ತೆ. "ಪ್ರೆಸ್ಸಿನಿಂದ ರದ್ದಿ ಕಾಗದ ತಾ" ಅಂದರು.

ಆ ವಾರ ಪ್ರೆಸ್ಸಿನ ರದ್ದಿಯೆಲ್ಲ ಆಗಲೇ ಹೋಗಿತ್ತು. ಮನೆಯಲ್ಲಿ ಮಾತ್ರ ನನ್ನ ಕಪಾಟಿನೊಳಗೆ ಇನ್ನೂರ ಹದಿನೆಂಟು ಹಾಳೆ ಇತ್ತು. ನನ್ನ ಕಾದಂಬರಿಯ ಪ್ರೂಫು. ಪ್ರಕಾಶಕರು ಕೊನೇ ಗಳಿಗೆಯಲ್ಲಿ ಕೈಕೊಟ್ಟಿದ್ದು ಆರು ವರ್ಷದ ಹಿಂದೆ. ಅದನ್ನ ಕೊಡೋಕೆ ಮನಸ್ಸು ಬರಲಿಲ್ಲ. ಪ್ರೆಸ್ಸಿನ ಮೂಲೆಯಲ್ಲಿ ಮಿಕ್ಕಿದ್ದ ಕ್ಯಾಲೆಂಡರ್ ಹಾಳೆಗಳನ್ನ ತಂದುಕೊಟ್ಟೆ. ನುಣ್ಣಗೆ, ಫಳಫಳ ಹೊಳೆಯುವ ಕಾಗದ. ಎಷ್ಟು ಚೆನ್ನಾಗಿದೆ ಅಂತ ಅತ್ತಿಗೆ ಖುಷಿಪಟ್ಟು ಹೊಲಿದರು.

ಹದಿನಾರು ದಿನ. ಒಂದು ಹಸಿರು ಚುಕ್ಕೆ ಇಲ್ಲ. ಅಗೆದು ನೋಡಿದರೆ ಪಟ್ಟಿಗಳು ಹೊಲಿದಾಗ ಹೇಗಿದ್ದವೋ ಹಾಗೇ ಇದ್ದವು. ಮಣ್ಣೊಳಗೆ ಕ್ಯಾಲೆಂಡರ್ ಚಿತ್ರದ ಒಂದು ಜಲಪಾತ ಇನ್ನೂ ಹೊಳೀತಿತ್ತು, ಬೀಜಗಳು ಒಣಒಣವಾಗಿಯೇ ಒಳಗೆ ಸಿಕ್ಕಿಕೊಂಡಿದ್ದವು. ಎರಡು ತಿಂಗಳಲ್ಲಿ ಹದಿನಾರು ದಿನ ನನ್ನ ಜಿಪುಣತನಕ್ಕೆ ಹೋಯಿತು.

ಕಪಾಟಿನ ವಿಷಯ ಬಾಯಿಬಿಟ್ಟು ಹೇಳಿಬಿಟ್ಟೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅತ್ತಿಗೆ ಪಟ್ಟಿಯನ್ನ ಬೆರಳಲ್ಲಿ ಉಜ್ಜಿ ನೋಡಿ, "ನಾನು ನೋಡ್ಬೇಕಿತ್ತು. ಬಟ್ಟೆ ಆಗಿದ್ರೆ ಕೈಗೇ ಗೊತ್ತಾಗ್ತಿತ್ತು" ಅಂತ ತಪ್ಪನ್ನ ತಮ್ಮ ಮೇಲೆ ಹಾಕಿಕೊಂಡರು.

ಎದ್ದುಹೋಗಿ ಕಾದಂಬರಿ ತಂದು ಮಿಷನ್ ಪಕ್ಕ ಇಟ್ಟೆ.

ಅವರು ತಕ್ಷಣ ಕತ್ತರಿ ಹಾಕಲಿಲ್ಲ. ಓದಿದರು. ಎರಡು ಮಧ್ಯಾಹ್ನ, ಊಟದ ಹೊತ್ತಿನಲ್ಲಿ, ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು. ಅದರಲ್ಲಿ ಒಬ್ಬ ಅತ್ತಿಗೆ ಬರ್ತಾಳೆ. ಯಾರು ಅಂತ ಕೇಳಬೇಡಿ.

"ಹದಿನಾಲ್ಕು ಸಲ ಅಳ್ತಾಳಲ್ಲೋ ಇವಳು! ಯಾರಾದ್ರೂ ಕಣ್ಣಿನ ಡಾಕ್ಟ್ರಿಗೆ ತೋರಿಸ್ಬಾರ್ದಾ?"

"ಅದು ತ್ಯಾಗ, ಅತ್ತಿಗೆ."

"ತ್ಯಾಗನೂ ಇಲ್ಲ ಮಣ್ಣೂ ಇಲ್ಲ. ನಾನು ಆವಾಗ ನಗ್ತಿದ್ದೆ. ನಿನಗೆ ನೆನಪಿಲ್ಲ." ಆಮೇಲೆ ಕತ್ತರಿ ತಗೊಂಡರು.

ನಾಲ್ಕನೇ ದಿನ ಎರಡನೇ ಅಧ್ಯಾಯದಿಂದ ಮೆಂತ್ಯ ಎದ್ದಿತು. ನನ್ನ ಬರವಣಿಗೆಯಿಂದ ಏನಾದರೂ ಹುಟ್ಟಿದ್ದು ಅದೇ ಮೊದಲು. ಆಮೇಲೆ ಬೀಟ್‌ರೂಟ್, ಸಬ್ಬಸಿಗೆ, ಸೂಜಿಯ ಹಾಗೆ ಈರುಳ್ಳಿ, ಎಲ್ಲರಿಗಿಂತ ತಡವಾಗಿ ಕೊತ್ತಂಬರಿ. ಒಂದು ಬೆಳಗ್ಗೆ ನೋಡ್ತೀನಿ, ಬಸವನಹುಳುಗಳ ಬೆಳ್ಳಿ ಗೀರುಗಳು ಐದೂ ಸಾಲಿನ ಉದ್ದಕ್ಕೂ ಹೋಗಿ, ಈರುಳ್ಳಿ ಹತ್ತಿರ ಹೊರಳಿ, ಗೋಡೆ ಕಡೆಗೆ ವಾಪಸಾಗಿದ್ದವು. ಒಂದೂ ಗಿಡ ಹೋಗಿರಲಿಲ್ಲ. ಅತ್ತಿಗೆ ಅವಕ್ಕೆ ಕೈಮುಗಿದರು. ನಾನೂ ಮುಗಿದೆ.

೫

ಭಾನುವಾರ ಮೀಟಿಂಗು ನಡೆಯಿತು. ಮುಕ್ತಾಯ ಹೇಗೆ ಮಾಡಲಿ?

ಮುಕ್ತಾಯ ಒಂದು: ಎಲ್ಲರೂ ಒಮ್ಮತದಿಂದ ಕೈ ಎತ್ತುತ್ತಾರೆ, ಬೀಗದಕೈ ಕಣ್ಣೊರೆಸಿಕೊಂಡು ನೆಲದ ಗೇಟಿನ ಬೀಗದಕೈಯನ್ನ ಅತ್ತಿಗೆಯ ಕೈಗಿಡುತ್ತಾರೆ.

("ಅಲ್ಲಿ ಗೇಟೇ ಇಲ್ಲ.")

ಮುಕ್ತಾಯ ಎರಡು: ಸಿಮೆಂಟ್ ಬೀಳುತ್ತೆ. ವರ್ಷದ ಮೇಲೆ ಒಂದು ಬಿರುಕಿನಿಂದ ಒಂದೇ ಒಂದು ಎಳೆ ಸಬ್ಬಸಿಗೆ...

("ಸಾಕು ನಿಲ್ಸು. ಅದು ಯಾರು ಬೇಕಾದ್ರೂ ಬರೀತಾರೆ." ಕೋಟನ್ನ ಮಡಿಸಿ, "ಇದನ್ನ ಮೇಲಿನ ಮನೆಗೆ ಕೊಟ್ಟು ಬರ್ತೀನಿ. ಬರೋಷ್ಟ್ರಲ್ಲಿ ನಡೆದದ್ದನ್ನ ನಡೆದ ಹಾಗೆ ಬರೆದಿಟ್ಟಿರು" ಅಂದು ಹೊರಟರು.)

೬

ಹೋದರು. ಇನ್ನು ಸ್ವಲ್ಪ ಹೊತ್ತು ನೀವು, ನಾನು ಮಾತ್ರ. ಓದಿ ಹೇಳಬೇಕಾದ ಕಾಟವಿಲ್ಲದೆ ಬರೀತೀನಿ.

ಈ ಕಥೆ ನಾನು ಶುರು ಮಾಡಿದ್ದು ತರಕಾರಿಗಾಗಿ ಅಲ್ಲ. ಅತ್ತಿಗೆಗೆ ಥ್ಯಾಂಕ್ಸ್ ಹೇಳಬೇಕಿತ್ತು. ಒಂದು ಸಲ ನೇರವಾಗಿ ಹೇಳಿದ್ದೆ. "ಥ್ಯಾಂಕ್ಸ್ ಹೇಳೋಕೆ ನಾನೇನು ಅಂಗಡಿಯವಳಾ?" ಅಂತ ಗದರಿದ್ದರು. ನಮ್ಮಲ್ಲಿ ಋಣ ಅನ್ನೋ ಮಾತಿದೆ, ಅದನ್ನ ಮನೆಯವರ ಮುಖ ನೋಡಿ ಹೇಳುವ ರೂಢಿ ಇಲ್ಲ. ಅದಕ್ಕೇ ಜನ ಕಾದಂಬರಿ ಬರೆಯೋದು ಅಂತ ಕಾಣುತ್ತೆ.

ಮೀಟಿಂಗ್ ನಡೆದದ್ದು ಮೆಟ್ಟಿಲ ಬುಡದಲ್ಲಿ. ಏಳು ಮನೆಯವರೂ ಹಿಂದಕ್ಕೆ ಹೋಗಿ ಹಸಿರು ನೋಡಿ ಬಂದಿದ್ದರು. ನರ್ಸಮ್ಮ ತನ್ನ ಸೀಟಿನ ಕಥೆ ಹೇಳಿದಳು, ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. "ನಿಮ್ಮ ಕಡೆಯಿಂದ ಯಾರಾದ್ರೂ ಮಾತಾಡ್ತೀರಾ?" ಅಂತ ಬೀಗದಕೈ ಕೇಳಿದರು. ನಾನು ಎದ್ದೆ. ಜೇಬಿನಲ್ಲಿ ಎರಡು ಪುಟದ ಭಾಷಣ ಇತ್ತು, ಪ್ರೂಫ್ ನೋಡಿದ್ದು. ಅದು ಕೈಗೆ ಬರಲಿಲ್ಲ.

"ಎರಡು ವರ್ಷ ಹುಳು ಎಲ್ಲ ತಿಂತು," ಅಂದೆ. "ಇವರು ವಿಷ ಹಾಕಲಿಲ್ಲ. ಯಾಕೆ ಅಂತ ನೀವೆಲ್ಲ ಕೇಳಿದ್ರಿ. ನಾನು ಕೇಳ್ಬೇಕಾಗಿರಲಿಲ್ಲ, ಆದ್ರೂ ಕೇಳ್ದೆ, ದಡ್ಡ. ನಮ್ಮಮ್ಮ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಇವರಿಗೆ ಇಪ್ಪತ್ತೊಂದು, ಮದುವೆಯಾಗಿ ನಾಲ್ಕು ತಿಂಗಳು, ಇದ್ದದ್ದು ಒಂದೇ ಕೋಣೆ. ನಾನು ಬಂದು ಆ ಕೋಣೆ ಮಧ್ಯ ಮಲಗಿದೆ. ಮೂರು ಜನರ ಊಟ ಒಬ್ಬನೇ ತಿನ್ತಿದ್ದೆ. ಇವರ ಪಾಲಿಂದೂ ತಿಂದಿದೀನಿ. ಯಾವತ್ತು ಹೋಗ್ತೀಯ ಅಂತ ಇವರು ಒಂದು ದಿನಾನೂ ಕೇಳಲಿಲ್ಲ."

ಅಷ್ಟು ಹೇಳಿ ಕೂತುಬಿಟ್ಟೆ. ನೆಲದ ಬಗ್ಗೆ, ಸ್ಕೂಟರ್ ಬಗ್ಗೆ ಒಂದು ಮಾತೂ ಆಡಲಿಲ್ಲ ಅಂತ ಕೂತ ಮೇಲೆ ಹೊಳೀತು. ಎಂಥ ವಕೀಲ ನೋಡಿ.

ಕೈಗಳು ಎದ್ದವು. ಎಷ್ಟು ಅಂತ ನನಗೆ ಗೊತ್ತು, ನಿಮಗೆ ಹೇಳಲ್ಲ. ಹೇಳಿದರೆ ನೀವು ಆ ಲೆಕ್ಕವನ್ನೇ ಕಥೆ ಅಂದುಕೊಂಡು ಸಮಾಧಾನವಾಗಿ ಪುಸ್ತಕ ಮುಚ್ಚಿಬಿಡ್ತೀರಿ. ಆ ಸಮಾಧಾನ ಬೇಕಿದ್ದರೆ ನಿಮ್ಮ ಅಂಗಳದಲ್ಲಿ ನೀವೇ ಈರುಳ್ಳಿ ಹಾಕಿಕೊಂಡು ಕಾಯಿರಿ.

ಕೈ ಎತ್ತುವ ಮುಂಚೆ ನಡೆದದ್ದನ್ನ ಮಾತ್ರ ಹೇಳ್ತೀನಿ, ಬೇಗ, ಅತ್ತಿಗೆಯ ಚಪ್ಪಲಿ ಸದ್ದು ಮೆಟ್ಟಿಲಲ್ಲಿ ಕೇಳ್ತಿದೆ. ಬೀಗದಕೈ ಗಂಟಲು ಸರಿಮಾಡಿಕೊಂಡು "ಸರಿ, ಹಾಗಾದ್ರೆ ಎಲ್ಲರೂ..." ಅಂದರು. ಅಷ್ಟರಲ್ಲಿ ಅತ್ತಿಗೆ ಎದ್ದು ನಿಂತರು. ಆ ಕಟ್ಟಡದ ಮೀಟಿಂಗಿನಲ್ಲಿ ಅವರು ಬಾಯಿ ಬಿಟ್ಟಿದ್ದು ಅದೇ ಮೊದಲು. ತಮ್ಮ ನೆಲಕ್ಕಾಗಿ ಏನಾದರೂ ಕೇಳ್ತಾರೆ ಅಂತ ಎಲ್ಲರೂ ಅವರತ್ತ ತಿರುಗಿದರು.

"ಒಂದು ನಿಮಿಷ. ಅವನು ಹೇಳಿದ್ದರಲ್ಲಿ ಒಂದು ತಪ್ಪಿದೆ," ಅಂದರು. "ಅವನು ಅಷ್ಟೊಂದೇನೂ ತಿನ್ತಿರ್ಲಿಲ್ಲ."