ಇಸೊ ಅಜ್ಜಿಯ ಮೀನು ಸಾರು

ಫುಗು ಮೀನಿನ ಈಲಿಯಲ್ಲಿ ವಿಷವಿದೆಯೆಂದು ಕಜಿಹಮ ಬಂದರಿನಲ್ಲಿ ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಅಂಥ ಊರಿನಲ್ಲಿ ಒಂದೇ ಚಳಿಗಾಲಕ್ಕೆ ಮೂವರು ಹಳೇ ಬೆಸ್ತರು ಅದನ್ನೇ ತಿಂದು ಸತ್ತರಂತೆ! ಮೇಲಧಿಕಾರಿಗಳು ಆಕಸ್ಮಿಕವೆಂದು ಕಡತ ಮುಚ್ಚಲು ಹೊರಟಿದ್ದರು. ಪಟ್ಟಣದಲ್ಲಿ ಕುಳಿತವರಿಗೆ ಏನು ಗೊತ್ತಾಗಬೇಕು? ಹಳೇ ಪತ್ತೇದಾರ ಕುರಾಮೋಚಿಗೆ ಗೊತ್ತಿತ್ತು. ಮೂವರೂ ಒಂದು ಕಾಲದಲ್ಲಿ ಒಂದೇ ದೋಣಿಯವರು. ದೋಣಿಯ ಯಜಮಾನ, ಎಂದೋ ತೀರಿಕೊಂಡವನು, ಕುರಾಮೋಚಿಯ ಸ್ವಂತ ಸೋದರಮಾವ. ಮೂವರೂ ಕೊನೆಯ ಊಟ ಉಂಡದ್ದು ಬಲೆ ಹೆಣೆಯುವ ಇಸೊ ಅಜ್ಜಿಯ ಮನೆಯಲ್ಲಿ.

ನಿವೃತ್ತಿಗೆ ಇಪ್ಪತ್ತು ದಿನ ಉಳಿದಿತ್ತು, ಸುಮ್ಮನಿದ್ದುಬಿಡಬಹುದಿತ್ತು. ಆದರೆ ಮೂರನೆಯ ಹೆಣ ನೋಡಿದಂದಿನಿಂದ ನಿದ್ದೆ ಅವನ ಹತ್ತಿರ ಸುಳಿದಿರಲಿಲ್ಲ. ಇಸೊಳ ಮಗ ಸೆಯಿಗೊ, ಮೂವತ್ತೇಳು ವರ್ಷದ ಹಿಂದೆ ಕಡಲಿಗೆ ಹೋಗಿ ಮರಳದವನು, ಒದ್ದೆ ಬಟ್ಟೆಯಲ್ಲೇ ಹಾಸಿಗೆಯ ಪಕ್ಕ ಬಂದು ಕೂರುತ್ತಿದ್ದ. ಬೈಯುತ್ತಿರಲಿಲ್ಲ, ಏನೂ ಕೇಳುತ್ತಿರಲಿಲ್ಲ. ಅದಕ್ಕೇ ಕುರಾಮೋಚಿಗೆ ಭಯ.

ಅವನು ಮಧ್ಯಾಹ್ನ ಹೋದಾಗ ಅಜ್ಜಿ ಬಿಸಿಲಿಗೆ ಬೆನ್ನು ಕೊಟ್ಟು ಬಲೆ ಹೆಣೆಯುತ್ತಿದ್ದಳು.

"ಬಾರಪ್ಪಾ ಸಾಹೇಬ. ದಾರಿ ತಪ್ಪಿ ಬಂದ್ಯೋ, ಹಿಡ್ಕೊಂಡು ಹೋಗಕ್ಕೆ ಬಂದ್ಯೋ?"

"ಮಾತಾಡಕ್ಕೆ ಬಂದೆ, ಅಜ್ಜಿ."

"ಹಸಿದ ಹೊಟ್ಟೇಲಿ ಎಂಥಾ ಮಾತು?" ಎಂದು ಒಂದು ಬಟ್ಟಲು ಮೀನು ಸಾರು ತಂದು ಅವನ ಮುಂದಿಟ್ಟಳು. "ಅವರಿಗೂ ಹಿಂಗೇ ಬಡಿಸ್ದೆ, ಈಲಿ ಅರೆದು ಹಾಕಿ. ಆವತ್ತು ನನ್ನ ಮಗನ್ನ ಬಿಟ್ರೆ ಕಡಲಲ್ಲಿದ್ದೋರು ಅವರ ದೋಣಿಯೋರೇ. ನನ್ನ ಮಗನ್ನ ನೀರಲ್ಲಿ ನೋಡಿದ್ರಾ ಅಂತ ಕೇಳ್ದೆ. ಹೌದು ಅಂದಿದ್ರೆ ಬಟ್ಟಲು ವಾಪಸ್ ತಗೋತಿದ್ದೆ. ಮೂರೂ ಜನ ಇಲ್ಲ ಅಂದ್ರು, ಸೊರ್ರಂತ ಕುಡಿದ್ರು. ಈಗ ನಿನ್ನ ಸರದಿ. ಮಗ ಬರ್ಲಿಲ್ಲ ಅಂತ ನಾನು ಠಾಣೆಗೆ ಓಡಿ ಬಂದಾಗ ಅಲ್ಲಿದ್ದೋನು ನೀನೇ ಅಲ್ವಾ?"

ತಪ್ಪೊಪ್ಪಿಗೆ ಸಿಕ್ಕಿತ್ತು. ಕೈಕೋಳ ಹಾಕಿ ಎದ್ದು ಹೋಗಬಹುದಿತ್ತು. ಹಾಗೆ ಹೋದರೆ ಸೆಯಿಗೊನೂ ಸಾಯುವ ತನಕ ಜೊತೆಗೇ ಬರುತ್ತಾನೆಂದು ಕುರಾಮೋಚಿಗೆ ಖಾತ್ರಿಯಿತ್ತು.

"ನೋಡಿದ್ರು, ಅಜ್ಜಿ. ಮಾವನೇ ಬಂದು ಹೇಳ್ದ. ನಿಷೇಧದ ನೀರಲ್ಲಿ ಬಲೆ ಹಾಕಿದ್ರು. ಎತ್ಕೊಂಡು ಬಂದ್ರೆ ಎಲ್ಲಿ ಸಿಕ್ದ ಅಂತ ಕೇಳ್ತಾರಲ್ಲ, ಅದಕ್ಕೆ ಬಿಟ್ಟು ಬಂದ್ರು. ಮಾವ ಜೈಲಿಗೆ ಹೋಗ್ತಾನಲ್ಲಾ ಅಂತ ನಾನೂ ಬಾಯಿ ಮುಚ್ಕೊಂಡೆ."

ಹೇಳಿ ಮುಗಿಸುವಷ್ಟರಲ್ಲಿ ಅವನಿಗೆ ಅಳು ಬಂದಿತ್ತು. ತೇಲುವ ಹೆಣವನ್ನು ಕಂಡೂ ಬಿಟ್ಟು ಬರುವ ದೋಣಿ ಆ ಕರಾವಳಿಯಲ್ಲಿ ಇಲ್ಲ. ಯಾವ ಊರಿನವನ ಹೆಣವಾದರೂ ತಂದು ಸಂಸ್ಕಾರ ಮಾಡುತ್ತಾರೆ. ಈ ತಾಯಿಗೆ ಮಗನ ಹಿಡಿ ಬೂದಿಯೂ ಸಿಕ್ಕಿರಲಿಲ್ಲ.

ಇಸೊ ಹೆಣೆಯುತ್ತಿದ್ದ ಬಲೆಯನ್ನು ಬದಿಗಿಟ್ಟಳು. ಆಮೇಲೆ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು. "ನೀನೊಬ್ಬ ಹೇಳ್ದೆ. ಪುಣ್ಯ ಕಟ್ಕೊಂಡೆ, ಮಗಾ."

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಹೆತ್ತವಳಲ್ಲವೇ, ಇನ್ನೊಂದು ಕೇಳಿದಳು. "ಹೆಣ ಏನಾದ್ರೂ ಕೆಟ್ಟಿತ್ತಂತಾ? ಮುಖ ನೋಡೋ ಹಂಗಿತ್ತಾ?"

ಅವನಿಗೆ ಇನ್ನು ಸುಳ್ಳು ಹೇಳಲು ಆಗಲಿಲ್ಲ.

"ಹೆಣ ಅಲ್ಲ, ಅಜ್ಜಿ. ಕೈ ಬೀಸ್ತಿದ್ದನಂತೆ."

ಇಸೊ ಬಟ್ಟಲನ್ನು ಮತ್ತೆ ಅವನ ಮುಂದಕ್ಕೆ ತಳ್ಳಿದಳು.