ಬಾಗಿಲಲ್ಲಿಟ್ಟ ಎಲೆಅಡಿಕೆ

ಸಭೆ ಎಂದರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ನಮ್ಮ ಅರಿಶಿನ ಬೆಳೆಗಾರರ ಕಂಪನಿ ಶುರುವಾದ ಹೊಸತರಲ್ಲಿ, ನಮ್ಮೂರು ತೆರಕಣಾಂಬಿಯ ಸಮುದಾಯ ಭವನದಲ್ಲಿ ವಾರ್ಷಿಕ ಸಭೆಗೆ ಕೂತರೆ ಏಳುವ ಹೊತ್ತಿಗೆ ದನಗಳು ಹಟ್ಟಿ ಸೇರಿರುತ್ತಿದ್ದವು. ಗೊಬ್ಬರದ ಬಗ್ಗೆ ಕೇಳಲು ಎದ್ದವನು ದಾಯಾದಿಯ ಬೇಲಿ ಜಗಳ ಹೇಳಿ ಕೂರುತ್ತಿದ್ದ. ಎಲ್ಲ ಮುಗಿದ ಮೇಲೆ ಅಧ್ಯಕ್ಷರು ಎಲೆಅಡಿಕೆ ತಟ್ಟೆ ತರಿಸುತ್ತಿದ್ದರು. ಒಪ್ಪಿದವರು ತೆಗೆದುಕೊಳ್ಳುತ್ತಿದ್ದರು, ಮುನಿಸಿಕೊಂಡವರು ತಟ್ಟೆಯ ಕಡೆ ನೋಡದೆ ಚಪ್ಪಲಿ ಮೆಟ್ಟುತ್ತಿದ್ದರು. ಗೊಬ್ಬರದಂಗಡಿಗೆ ಬೀಗ ಜಡಿದು ಬಂದ ನನ್ನಂಥವನು ಇದನ್ನೆಲ್ಲ ಎಷ್ಟು ಹೊತ್ತು ಸಹಿಸಬೇಕು ಹೇಳಿ.

ಆಮೇಲೆ ಸೋಮೇಶ್ ಬಂದ. ಚಾಮರಾಜನಗರದವನು, ಕಂಪನಿಯ ಸಿಇಒ. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ. ಮೈಸೂರಿನಲ್ಲಿ ಸಭೆ ನಡೆಸುವುದು ಹೇಗೆಂದು ತರಬೇತಿ ಬೇರೆ ಪಡೆದಿದ್ದ. ಸಭೆ ನಡೆಸುವುದಕ್ಕೂ ತರಬೇತಿ ಇದೆಯೆಂದು ನನಗೆ ಗೊತ್ತಾದದ್ದೇ ಆಗ. ಮುಂಚೆಯೇ ನೋಟಿಸು ಕಳಿಸಿದ, ಗೋಡೆಗೆ ವಿಷಯಪಟ್ಟಿ ಅಂಟಿಸಿದ, ಒಂದೊಂದು ವಿಷಯಕ್ಕೂ ಇಷ್ಟೇ ಹೊತ್ತೆಂದು ಗೊತ್ತುಮಾಡಿದ. ಕೊನೆಯಲ್ಲಿ ನೂಕುನುಗ್ಗಲಾಗುತ್ತದೆ, ವಂದನಾರ್ಪಣೆ ಯಾರೂ ಕೇಳುವುದಿಲ್ಲ ಎಂದು ಎಲೆಅಡಿಕೆ ತಟ್ಟೆಯನ್ನು ತಂದು ಬಾಗಿಲಲ್ಲೇ ಇಟ್ಟ. ಒಳಗೆ ಬರುವಾಗಲೇ ಕೈಗೆ ಬಂದರೆ ಸ್ವಾಗತವೂ ಆಯಿತು, ಮರ್ಯಾದೆಯೂ ಆಯಿತು ಎಂಬುದು ಅವನ ಲೆಕ್ಕ.

ಹೋದ ವರ್ಷದ ಸಭೆ ಊಟಕ್ಕೆ ಮುಂಚೆಯೇ ಮುಗಿದುಹೋಯಿತು. ಯಾವ ವಿಷಯ ಎತ್ತಿದರೂ ಎಲ್ಲರ ಕೈಯೂ ಮೇಲೆ. ಒಬ್ಬರೂ ಚಕಾರ ಎತ್ತಲಿಲ್ಲ. ಸೋಮೇಶ್ ಆ ಫೋಟೋಗಳನ್ನು ಮೈಸೂರಿನ ತರಬೇತಿಯವರಿಗೆ ಕಳಿಸಿ ಭೇಷ್ ಅನ್ನಿಸಿಕೊಂಡ. ನಾನೂ ಸಂತೋಷವಾಗಿ ಅಂಗಡಿ ಬಾಗಿಲು ತೆಗೆದೆ.

ಈ ವರ್ಷದ ವಿಷಯ ಬೇರೆಯಿತ್ತು. ಕಂಪನಿಯ ಅರಿಶಿನ ಪಾಲಿಶ್ ಮಾಡುವ ಯಂತ್ರ ಮೊದಲಿನಿಂದ ಉಡಿಗಾಲವೆಂಬ ಹಳ್ಳಿಯಲ್ಲಿದೆ. ಬೇಯಿಸುವುದು, ಒಣಗಿಸುವುದು, ಯಂತ್ರಕ್ಕೆ ಹಾಕುವುದು ಎಲ್ಲ ಅಲ್ಲಿನ ಹೆಂಗಸರ ಕೆಲಸ. ಅವರನ್ನು ಸೇರಿಸಿ ಆ ಕೆಲಸವನ್ನು ಕಟ್ಟಿ ನಿಲ್ಲಿಸಿದವರು ಚಿಕ್ಕಮಲ್ಲಮ್ಮ, ನಮ್ಮ ಆಡಳಿತ ಮಂಡಳಿಯ ಒಬ್ಬರೇ ಹೆಣ್ಣು ನಿರ್ದೇಶಕರು. ಯಂತ್ರ ಬರುವುದಕ್ಕೆ ಮುಂಚೆ ಆ ಹೆಂಗಸರೆಲ್ಲ ಕೋಳಿ ಕೂಗುವ ಮೊದಲೇ ಜೀಪಿನಲ್ಲಿ ಒತ್ತರಿಸಿಕೊಂಡು ಕೇರಳದ ಕಡೆ ಶುಂಠಿ ಕೀಳಲು ಹೋಗುತ್ತಿದ್ದರು. ಅವರು ಮಕ್ಕಳ ಮುಖ ನೋಡುತ್ತಿದ್ದದ್ದು ಮಕ್ಕಳು ಮಲಗಿದ ಮೇಲೆ.

ಆ ಯಂತ್ರವನ್ನು ತೆರಕಣಾಂಬಿಗೆ ತರಬೇಕೆಂದು ಅಧ್ಯಕ್ಷ ಗುರುಪಾದಸ್ವಾಮಿ ಮಂಡಳಿಯಲ್ಲಿ ಹೇಳಿದರು. ದುರಾಸೆಯ ಮನುಷ್ಯರಲ್ಲ. ಹೆಚ್ಚಿನ ಅರಿಶಿನ ನಮ್ಮ ಕಡೆಯಿಂದಲೇ ಹೋಗುತ್ತದೆ, ಸಾಗಿಸುವುದೇ ತಾಪತ್ರಯ, ನಮ್ಮ ಕಣದ ಪಕ್ಕದ ಶೆಡ್ಡನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಡುತ್ತೇನೆ ಎಂದರು. ಉಳಿದ ನಿರ್ದೇಶಕರು ಅವರ ಮುಖ ನೋಡಿ ತಲೆಯಾಡಿಸಿದರು. ಚಿಕ್ಕಮಲ್ಲಮ್ಮ ಮಾತ್ರ ತಮ್ಮ ವಿರೋಧವನ್ನು ಬರೆಸಿದರು. ಕೊನೆಯ ತೀರ್ಮಾನ ಷೇರುದಾರರ ಸಭೆಗೆ ಬಂತು. ಶುಂಠಿ ಕೆಲಸಕ್ಕೆ ಕರೆದೊಯ್ಯುತ್ತಿದ್ದ ಜೀಪಿನವನಿಗೆ ಈ ಸುದ್ದಿ ಹೇಗೋ ತಲುಪಿತ್ತು. ದೀಪಾವಳಿ ಕಳೆದ ಮೇಲೆ ಎಷ್ಟು ಜನ ಬರುತ್ತೀರೆಂದು ಆಗಲೇ ಉಡಿಗಾಲಕ್ಕೆ ಫೋನು ಮಾಡಿ ಕೇಳಿದ್ದನಂತೆ.

ಸಭೆಯ ದಿನ ನಾನು ಹೋದಾಗ ತಟ್ಟೆ ಬಾಗಿಲಲ್ಲೇ ಇತ್ತು. ಎಲೆಅಡಿಕೆ ತೆಗೆದು ಅಂಗಿ ಜೇಬಿಗಿಟ್ಟುಕೊಂಡು ಒಳಗೆ ಕೂತೆ. ಯಂತ್ರ ನಮ್ಮೂರಿಗೆ ಬಂದರೆ ನನಗೂ ಅರಿಶಿನ ಸಾಗಿಸುವ ಟೆಂಪೋ ಬಾಡಿಗೆ ತಪ್ಪುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಹೆಂಗಸರ ಸಾಲಿನಲ್ಲಿ ನನ್ನ ಹೆಂಡತಿ ನಾಗಲಕ್ಷ್ಮಿಯೂ ಎಲೆ ಹಿಡಿದು ಕೂತಿದ್ದಳು. ಅವಳ ಹೆಸರಿನಲ್ಲೂ ಷೇರು ಇದೆ. ಅದು ಇದೆಯೆಂದು ನನಗೆ ನೆನಪಾಗುವುದು ವರ್ಷಕ್ಕೊಂದು ಸಲ.

ಚಿಕ್ಕಮಲ್ಲಮ್ಮನ ಜೊತೆ ಉಡಿಗಾಲದ ಹೆಂಗಸರು ಬಸ್ಸಿಳಿದು ಬಂದರು, ಅವರೂ ಷೇರುದಾರರೇ. ಬಂದವರು ಒಳಗೆ ಬಾರದೆ ಭವನದ ಮುಂದಿನ ಬೇವಿನ ಮರದ ಕೆಳಗೆ ಕೂತುಬಿಟ್ಟರು. ಗಡಿಯಾರ ನೋಡುತ್ತಿದ್ದ ಸೋಮೇಶ್ ತಟ್ಟೆ ಹಿಡಿದುಕೊಂಡೇ ಹೊರಗೆ ಓಡಿದ. ಏನು ತಮಾಷೆಯೋ ನೋಡೋಣವೆಂದು ನಾನೂ ಹಿಂದೆಯೇ ಹೋದೆ.

ಸಭೆಯನ್ನು ಬಹಿಷ್ಕರಿಸುತ್ತೀರಾ ಎಂದು ಅವನು ಕೇಳಿದ. ಚಿಕ್ಕಮಲ್ಲಮ್ಮ ಸೆರಗು ಸರಿಮಾಡಿಕೊಂಡು, ಅವನನ್ನು ಕೂರಿಸಿಕೊಂಡು ಹೇಳುವವರಂತೆ ನಿಧಾನವಾಗಿ ಹೇಳಿದರು.

"ಬರಾಕೇ ಬಂದಿರಾದು ಕಣಪ್ಪ ನಾವು. ಆದ್ರ ಒಳಿಕ್ಕ ಬರ್ಬೇಕಾದ್ರ ಎಲೆ ಈಸ್ಕಬೇಕಲ್ಲ. ಎಲೆ ಕೊಡಾದು ಮಾತಾದ್ಮೇಲೆ. ಮಾತ್ಗ ಮುಂಚೆ ಈಸ್ಕಂಡ್ಬುಟ್ರ ಒಪ್ಪಂಡಂಗೇ ಆಯ್ತು. ಆಮೇಲ ಒಳಗ್ ನಿಂತ್ಕಂಡು ಬ್ಯಾಡ ಅಂದ್ರ, ನಾನು ಮಾತಿಗ್ ತಪ್ದೋಳು ಅನ್ನಸ್ಕತೀನಿ."

ಸೋಮೇಶನಿಗೆ ಮೊದಲು ನಗು ಬಂತು. ಇದು ಬರೀ ಸ್ವಾಗತ ಕಣಮ್ಮ, ಹಾಗಾದರೆ ನೀವು ತೆಗೆದುಕೊಳ್ಳದೆಯೇ ಬನ್ನಿ ಎಂದ. ಅದಕ್ಕೆ ಚಿಕ್ಕಮಲ್ಲಮ್ಮ, ನಾವು ಬರಿಗೈಯಲ್ಲಿ ಬಂದು ಏನು ಪ್ರಯೋಜನ, ಒಳಗಿರುವವರೆಲ್ಲ ಆಗಲೇ ಮಾತು ಕೊಟ್ಟು ಕೂತಿದ್ದಾರಲ್ಲ ಎಂದರು. ಹೋದ ವರ್ಷ ತಾವೂ ಹೀಗೇ ಎಲೆ ತೆಗೆದುಕೊಂಡು, ಬಾಯಿಗೆ ಬಂದದ್ದನ್ನು ನುಂಗಿಕೊಂಡು ಮನೆಗೆ ಹೋದದ್ದನ್ನೂ ಹೇಳಿದರು.

ಸೋಮೇಶನ ನಗು ನಿಂತಿತು. ನನ್ನ ಕಡೆ ತಿರುಗಿ, ಹೌದೇನ್ರೀ ನಾಗೇಂದ್ರಣ್ಣ ಎಂದ. ನಾನು ಜೇಬು ಮುಟ್ಟಿಕೊಂಡೆ. ನಮ್ಮ ಕಡೆ ಹೆಣ್ಣು ಗೊತ್ತುಮಾಡುವಾಗಲೂ ಅಷ್ಟೆ, ಪಂಚಾಯ್ತಿ ಕಟ್ಟೆಯಲ್ಲೂ ಅಷ್ಟೆ, ಎಲೆ ಕೈಗೆ ಬಂದ ಮೇಲೆ ಮಾತು ಮುಗಿಯಿತು. ಇದು ಹಾಲು ಕುಡಿಯುವ ಮಗುವಿಗೂ ಗೊತ್ತು. ಪೇಟೆಯಲ್ಲಿ ಬೆಳೆದ ಸೋಮೇಶನಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಸಭೆ ಬೇಗ ಮುಗಿಯುತ್ತಿತ್ತಲ್ಲ, ಹೇಳಿ ಯಾರು ಕೆಡಿಸಿಕೊಳ್ಳುತ್ತಾರೆ.

ಅವನ ಮುಖ ನೋಡಿ ನನಗೆ ನಿಜಕ್ಕೂ ಅಯ್ಯೋ ಅನ್ನಿಸಿತು. ಭೇಷ್ ಅನ್ನಿಸಿಕೊಂಡ ಸಭೆ ಸಭೆಯೇ ಆಗಿರಲಿಲ್ಲವೆಂದು ಬೀದಿಯಲ್ಲಿ ನಿಂತು ತಿಳಿದುಕೊಳ್ಳುವುದು ಸುಲಭವಲ್ಲ. ಆದರೆ ಅವನು ತಲೆ ತಪ್ಪಿಸಿಕೊಳ್ಳಲಿಲ್ಲ. ನೇರವಾಗಿ ಒಳಗೆ ಹೋಗಿ, ಅಧ್ಯಕ್ಷರ ಪಕ್ಕ ನಿಂತು, ಮೈಕಿನಲ್ಲೇ ಎಲ್ಲವನ್ನೂ ಹೇಳಿದ. ತಪ್ಪು ನನ್ನದು, ಎಲ್ಲರೂ ಎಲೆಅಡಿಕೆಯನ್ನು ತಟ್ಟೆಗೆ ಹಾಕಿ, ಸಭೆಯನ್ನು ಮೊದಲಿನಿಂದ ಶುರುಮಾಡೋಣ ಎಂದ.

ಕೊಟ್ಟ ತಾಂಬೂಲವನ್ನು ಹಿಂದಕ್ಕೆ ಕೊಡುವುದು ಅಪಶಕುನ ಎಂದು ಹಿಂದಿನ ಸಾಲಿನಿಂದ ನಮ್ಮೂರ ಪುಟ್ಟಬಸಪ್ಪ ಗೊಣಗಿದ. ಎಲ್ಲರೂ ಗುರುಪಾದಸ್ವಾಮಿಯವರ ಮುಖ ನೋಡಿದರು. ಅವರು ಹೆಗಲ ಮೇಲಿನ ಟವೆಲನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಬಾಗಿಲಾಚೆ ಮರದ ಕೆಳಗೆ ಕೂತವರನ್ನು ನೋಡಿದರು.

"ಸೋಮೇಸಂದೇನೂ ತಪ್ಪಿಲ್ಲ ಕಣ್ರಪ್ಪ, ಅಂವ್ಗ ಗೊತ್ತಿರ್ನಿಲ್ಲ," ಎಂದರು. "ನಂಗ್ ಗೊತ್ತಿತ್ತು. ನನ್ ಮಾತು ಸಲೀಸಾಗಿ ನಡೀತಿತ್ತು, ಸುಮ್ಕಿದ್ಬುಟ್ಟಿ."

ಎದ್ದು ಬಂದು ತಮ್ಮ ಎಲೆಅಡಿಕೆಯನ್ನು ತಟ್ಟೆಯಲ್ಲಿಟ್ಟರು. ಅಧ್ಯಕ್ಷರೇ ಇಟ್ಟ ಮೇಲೆ ಅಪಶಕುನದ ಮಾತು ಎಲ್ಲಿ ಉಳಿಯಿತು? ಒಬ್ಬೊಬ್ಬರಾಗಿ ಎದ್ದರು. ಪುಟ್ಟಬಸಪ್ಪ ಆಗಲೇ ಅಗಿಯಲು ಶುರುಮಾಡಿದ್ದರಿಂದ ಹೊರಗೆ ಹೋಗಿ ಉಗಿದು ಬಂದ. ನಾನು ಜೇಬಿನಲ್ಲಿದ್ದುದನ್ನು ತೆಗೆದು ಹಾಕಿದೆ. ತಟ್ಟೆಯನ್ನು ವೇದಿಕೆಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟರು. ಉಡಿಗಾಲದವರು ಒಳಗೆ ಬಂದು ಮುಂದಿನ ಸಾಲಿನಲ್ಲೇ ಕೂತರು.

ಆಮೇಲೆ ನಡೆದದ್ದು ನನಗೆ ಆಗಿಬಾರದಂಥ ಸಭೆಯೇ. ಸಾಗಾಟದ ಕಷ್ಟ ಹೇಳಿದರು, ಮಳೆ ಬಂದರೆ ಉಡಿಗಾಲದ ಶೆಡ್ಡು ಸೋರುತ್ತದೆಂದರು, ಬೇಲಿ ಜಗಳವೂ ಒಂದು ಸುತ್ತು ಬಂದು ಹೋಯಿತು. ಸೋಮೇಶ್ ಗಡಿಯಾರ ನೋಡುವುದನ್ನು ಬಿಟ್ಟಿದ್ದ. ಆದರೆ ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಲು ಬಿಡಲಿಲ್ಲ, ಬೇಲಿ ಜಗಳವನ್ನು ಒಂದು ಸುತ್ತಿಗೇ ನಿಲ್ಲಿಸಿದ. ತರಬೇತಿ ಅಷ್ಟಕ್ಕಾದರೂ ಬಂತಲ್ಲ ಅಂದುಕೊಂಡೆ. ಚಿಕ್ಕಮಲ್ಲಮ್ಮ ಜೀಪಿನ ಸುದ್ದಿಯನ್ನು ಹೇಳಿದರು. ಅಳಲಿಲ್ಲ, ಬೇಡಲಿಲ್ಲ. ಕಂಪನಿಗೆ ಒಂದು ಟೆಂಪೋ ಇದೆಯಲ್ಲ, ಅದು ಸುಮ್ಮನೆ ನಿಂತಿರುವ ದಿನಗಳಲ್ಲಿ ತೆರಕಣಾಂಬಿಗೆ ಬಂದು ಅರಿಶಿನ ತುಂಬಿಕೊಂಡು ಹೋಗಲಿ, ಕೆಲಸ ಇದ್ದಲ್ಲೇ ಇರಲಿ ಎಂದರು.

ಆಗ ಎದ್ದು ನಿಂತವಳು ನನ್ನ ಹೆಂಡತಿ. ಟೆಂಪೋ ಮನೆ ಬಾಗಿಲಿಗೇ ಬರುವುದಾದರೆ ನಮಗೆ ಯಂತ್ರ ಎಲ್ಲಿದ್ದರೇನು, ಕೆಲಸ ಬಲ್ಲ ಕೈ ಅಲ್ಲಿರುವಾಗ ಕಬ್ಬಿಣವನ್ನು ಮಾತ್ರ ಇಲ್ಲಿಗೆ ತಂದು ಏನು ಮಾಡುತ್ತೀರಿ ಎಂದಳು. ಹೇಳಿ, ನನ್ನ ಕಡೆ ನೋಡದೆಯೇ ಕೂತಳು. ಮನೆಯಲ್ಲಿ ಇಂಥ ಮಾತು ದಿನಕ್ಕೆ ಹತ್ತು ಕೇಳುತ್ತೇನೆ. ಸಭೆಯಲ್ಲಿ ಕೇಳಿದ್ದು ಅದೇ ಮೊದಲು.

ಕೈ ಎತ್ತುವ ಹೊತ್ತು ಬಂತು. ಯಂತ್ರ ತೆರಕಣಾಂಬಿಗೆ ಬರಲಿ ಎನ್ನುವವರು ಎತ್ತಿ ಎಂದ ಸೋಮೇಶ್. ನನ್ನ ಕೈ ಅಭ್ಯಾಸದಂತೆ ಅರ್ಧ ಎದ್ದು, ನಾಗಲಕ್ಷ್ಮಿಯ ಕೈ ಮಡಿಲಲ್ಲೇ ಇರುವುದನ್ನು ಕಂಡು ಇಳಿಯಿತು. ಅವನು ಎದ್ದ ಕೈಗಳನ್ನು ಎರಡು ಸಲ ಎಣಿಸಿದ, ಅರ್ಧಕ್ಕೂ ಕಡಿಮೆ. ಯಂತ್ರ ಉಡಿಗಾಲದಲ್ಲೇ ಉಳಿಯಿತು.

ಸೋಮೇಶ್ ತಟ್ಟೆ ತೆಗೆದುಕೊಂಡು ಅಧ್ಯಕ್ಷರ ಮುಂದೆ ಹಿಡಿದ. ಗುರುಪಾದಸ್ವಾಮಿ ಬೇಡವೆಂದು ಕೈಯಾಡಿಸಿ ಚಿಕ್ಕಮಲ್ಲಮ್ಮನ ಕಡೆ ತೋರಿಸಿದರು. ಆಕೆ ತಟ್ಟೆಯನ್ನೇ ಇಸಿದುಕೊಂಡು ಮತ್ತೆ ಅಧ್ಯಕ್ಷರ ಮುಂದೆ ಬಂದು ನಿಂತರು.

"ಈಗ ಈಸ್ಕೊಳಿ ಸ್ವಾಮಣ್ಣ."

ಗುರುಪಾದಸ್ವಾಮಿ ಎಲೆ ತೆಗೆದು ಕಣ್ಣಿಗೊತ್ತಿಕೊಂಡರು. ಬೆಳಗಿನ ಎಲೆಗಳೆಲ್ಲ ಬಾಡಿದ್ದವು. ನಾನೂ ಒಂದು ತೆಗೆದುಕೊಂಡೆ, ಈ ಸಲ ಜೇಬಿಗಿಡದೆ ಬಾಯಿಗೆ ಹಾಕಿಕೊಂಡೆ.

ಅಂಗಡಿಗೆ ಹೋಗುವ ದಾರಿಯಲ್ಲಿ ಉಡಿಗಾಲದವರು ಬಸ್ಸಿಗೆ ಕಾಯುತ್ತಿದ್ದರು. ಚಿಕ್ಕಮಲ್ಲಮ್ಮ ಎಲೆಅಡಿಕೆಯನ್ನು ಒಂದು ದವಡೆಗೆ ಒತ್ತರಿಸಿಕೊಂಡು, ಫೋನನ್ನು ಇನ್ನೊಂದು ಕಡೆಯ ಕಿವಿಗೆ ಹಿಡಿದಿದ್ದರು. ಆ ಕಡೆ ಜೀಪಿನವನು. ಹೆಂಗಸರೆಲ್ಲ ಅವರ ಬಾಯಿಯನ್ನೇ ನೋಡುತ್ತಿದ್ದರು.

"ನಮ್ಮೂರ್ ಕಡೀಕ ತಿರುಗ್ಸಬ್ಯಾಡ ಕಣಪ್ಪ," ಎಂದರು. "ಯಾರೂ ಬರಾಕಿಲ್ಲ."