ಆರಾಮಾ?

ನಾನು ಬರೆದ ಟೀವಿ ಧಾರಾವಾಹಿಯನ್ನು ತಮ್ಮಲ್ಲಿ ಮತ್ತೆ ತಯಾರಿಸಲು ಅಮೆರಿಕದವರು ಕೊಂಡುಕೊಂಡಾಗ, ಅದರ ಕತೆ ಮುಗಿಯಿತೆಂದು ಇಂಗ್ಲೆಂಡಿನ ಮೀನುಗಾರರ ಊರಾದ ಗ್ರಿಮ್ಸ್‌ಬಿಯ ನಮ್ಮ ಬೀದಿಯವರೆಲ್ಲ ಷರಾ ಬರೆದುಬಿಟ್ಟರು. ಮುಗಿಯಲು ಬಿಟ್ಟರೆ ತಾನೆ ಎಂದು ಹಟ ತೊಟ್ಟೇ ನಾನು ಲಾಸ್ ಏಂಜಲೀಸಿನ ವಿಮಾನ ಹತ್ತಿದೆ. ಕೊನೆಯ ದೃಶ್ಯಕ್ಕೆ ನನ್ನ ಒಪ್ಪಿಗೆ ಬೇಕೆಂದು ಕರಾರಿನಲ್ಲಿ ಹಾಕಿಸಿದ್ದೆ. ನನ್ನ ಕೈಯಲ್ಲಿದ್ದದ್ದು ಅದೊಂದೇ.

'ಇಳಿತ' ಆರೇ ಕಂತಿನ ಕತೆ. ಮೀನುದೋಣಿ ಮುಳುಗಿ ಮಗ ಸಾಯುತ್ತಾನೆ. ತಪ್ಪು ದೋಣಿ ನಡೆಸುತ್ತಿದ್ದ ಅಪ್ಪನದೇ ಎಂದು ಮಗಳು ವಿಚಾರಣೆಯಲ್ಲಿ ಸಾಕ್ಷಿ ಹೇಳುತ್ತಾಳೆ. ಅಪ್ಪ ಅವಳೊಡನೆ ಮಾತು ಬಿಡುತ್ತಾನೆ. ಕೊನೆಯಲ್ಲಿ ಬಂದರುಕಟ್ಟೆಯ ಮೇಲೆ ಬಲೆ ರಿಪೇರಿ ಮಾಡುತ್ತ ಕೂತವನು ತಲೆ ಎತ್ತಿ "ಆರಾಮಾ?" ಅನ್ನುತ್ತಾನೆ. ಅವಳು "ಆರಾಮ" ಅನ್ನುತ್ತಾಳೆ. ಅಷ್ಟೇ. ನನ್ನಪ್ಪ ನನ್ನ ಮೇಲಿನ ಮುನಿಸು ಬಿಟ್ಟದ್ದೂ ಹಾಗೆಯೇ. ನಮ್ಮೂರಲ್ಲಿ ಅದು ಆರೋಗ್ಯದ ವಿಚಾರಣೆಯಲ್ಲ, ಎದುರಿಗೆ ಸಿಕ್ಕವರಿಗೆಲ್ಲ ಅನ್ನುವ ಮಾತು. ಆ ಮಾತನ್ನು ಮತ್ತೆ ಆಡಿದನೆಂದರೆ ಅವಳು ಅವನಿಗೆ ಮತ್ತೆ ಮಗಳಾದಳು ಎಂದೇ ಅರ್ಥ. ನೋಡಿದವರು ಅತ್ತರು, ಅತ್ತಿಲ್ಲವೆಂದು ಸುಳ್ಳೂ ಹೇಳಿದರು.

ಅಮೆರಿಕದ ನಟ ಮೊದಲ ಓದಿನಲ್ಲೇ ಎಡವಿದ. ಮಗಳ ಪಾತ್ರದವಳ ಭುಜದ ಮೇಲೆ ಕೈಯಿಟ್ಟು, ಅವಳಿಗೇನೋ ದೊಡ್ಡ ಕಾಯಿಲೆ ಬಂದಿರುವಂತೆ "ಆರಾಮಾ?" ಎಂದ. ಪಾಪ, ಅವನದೇನು ತಪ್ಪು. ಅವರ ಕಡೆ ಏನಾದರೂ ಆಗಿದ್ದರೆ ಮಾತ್ರ ಹಾಗೆ ಕೇಳುತ್ತಾರಂತೆ. ನಿರ್ಮಾಪಕ ಬ್ರಾಂಟ್ ಕೆಸ್ಲರ್ ಇದನ್ನೇ ಕಾಯುತ್ತಿದ್ದವನ ಹಾಗೆ ಒಂದು ಭಾಷಣ ಹೊರತೆಗೆದ. ಅದರಲ್ಲಿ ಅಪ್ಪ ಅಳುತ್ತಾನೆ, ಕ್ಷಮಿಸಿದೆ ಅನ್ನುತ್ತಾನೆ, ತಬ್ಬಿಕೊಳ್ಳುತ್ತಾನೆ. ಅಷ್ಟರಲ್ಲಿ ಫೋನ್ ಬರುತ್ತದೆ, ಮುಳುಗಿದ ಮಗ ಬದುಕಿದ್ದಾನೆ! ಮುಂದಿನ ವರ್ಷಕ್ಕೂ ಕತೆ ಬೇಕಲ್ಲ.

"ಕ್ಷಮಿಸಿದ ಅಂತ ಯಾರಾದ್ರೂ ಬಾಯಿಬಿಟ್ಟು ಹೇಳ್ಬೇಕಲ್ಲ, ಗ್ಲೆನಿಸ್" ಎಂದ ಕೆಸ್ಲರ್.

"ಯಾರೂ ಹೇಳ್ಬಾರ್ದು. ನಾನಿದಕ್ಕೆ ಒಪ್ಪಲ್ಲ" ಎಂದೆ. ನನ್ನ ಮಾತು ಒಂದಕ್ಷರವೂ ಬದಲಾಗಕೂಡದು ಎಂದೂ ಸೇರಿಸಿದೆ.

ಅವರ ಬರಹಗಾರರ ತಂಡದಲ್ಲಿ ರೊಸಾಲ್ಬಾ ಫೆರೇರಾ ಎಂಬವಳಿದ್ದಳು. ಅಮೆರಿಕದ ಪೂರ್ವ ಕರಾವಳಿಯ ನ್ಯೂ ಬೆಡ್‌ಫರ್ಡಿನ ಮೀನುಗಾರರ ಮನೆಯವಳು. ಅಲ್ಲಿಯವರೆಗೆ ಸುಮ್ಮನಿದ್ದವಳು ನನ್ನ ಕಡೆ ತಿರುಗಿದಳು.

"ಬೇಜಾರು ಮಾಡ್ಕೋಬೇಡಿ. ಆ ಭಾಷಣ ಇಟ್ರೂ ಈ ದೃಶ್ಯ ಸಾಯುತ್ತೆ, ನಿಮ್ಮ ಮಾತನ್ನ ಹಾಗೇ ಇಟ್ರೂ ಸಾಯುತ್ತೆ. ನಮ್ಮೋರ ಬಾಯಲ್ಲಿ ಅದು ನಿಮ್ಮ ಮಾತಾಗಲ್ಲ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹಾಗಾದರೆ ನಿಮ್ಮಪ್ಪಂದಿರು ಏನನ್ನುತ್ತಾರೆ, ಭಾಷಣ ಬಿಗಿಯುತ್ತಾರಾ ಎಂದು ಕುಟುಕಿದೆ.

"ನಮ್ಮಪ್ಪನಾ? ನಾನು ಮನೆ ಬಿಟ್ಟು ಹೋಗಿ ವಾಪಸ್ ಬಂದ ದಿನ 'ಊಟ ಆಯ್ತಾ?' ಅಂದ. ಬೇರೇನೂ ಕೇಳ್ಲಿಲ್ಲ."

ನನ್ನಪ್ಪನ ಮಾತನ್ನು ಬಿಟ್ಟುಕೊಡಲು ನನಗೆ ಇಷ್ಟವಿರಲಿಲ್ಲ. ಆದರೆ ಅವಳಪ್ಪನೂ ನನ್ನಪ್ಪನ ಜಾತಿಯವನೇ ಎಂದು ಗೊತ್ತಾಗಿಹೋಗಿತ್ತು. ಕೊನೆಗೆ ಕೆಸ್ಲರನಿಗೆ, ಇವಳು ಬರೆದರೆ ಒಪ್ಪುತ್ತೇನೆ, ಬೇರೆ ಯಾವುದಕ್ಕೂ ಒಪ್ಪುವುದಿಲ್ಲ ಎಂದೆ. ಅವನು ರೊಸಾಲ್ಬಾಳಿಗೆ, ಮುಂದಿನ ವರ್ಷ ನಿನಗಿಲ್ಲಿ ಕೆಲಸವಿರುವುದು ಅನುಮಾನ ಎಂದ. ಮುಳುಗಿದವನನ್ನು ಎಬ್ಬಿಸುವ ಕೆಲಸ ತನಗೂ ಬೇಡ ಎಂದು ಅವಳು ಬರೆಯಲು ಕೂತಳು.

ಚಿತ್ರೀಕರಣದ ದಿನ ಆ ನಟ ಕಟ್ಟೆಯ ಮೇಲೆ ಕೂತು ಬಲೆಯಿಂದ ಕಣ್ಣೆತ್ತದೆ "ಊಟ ಆಯ್ತಾ?" ಎಂದ.

"ಇಲ್ಲ."

ಅವನು ತನ್ನ ಸ್ಯಾಂಡ್‌ವಿಚ್ ಮುರಿದು ದೊಡ್ಡ ಅರ್ಧವನ್ನು ಪಕ್ಕಕ್ಕೆ ಇಟ್ಟ. ಅವಳು ಕೂತಳು. ಇಬ್ಬರೂ ತಿಂದರು. ಫೋನ್ ಬರಲಿಲ್ಲ.

ನನ್ನಪ್ಪನ ಮಾತು ಅದರಲ್ಲಿ ಇರಲಿಲ್ಲ. ಆದರೂ ಕಟ್ಟೆಯ ಮೇಲೆ ಕೂತವನು ನನ್ನಪ್ಪನೇ ಆಗಿದ್ದ. ನನ್ನ ಕಣ್ಣು ತುಂಬಿದ್ದನ್ನು ಕೆಸ್ಲರ್ ನೋಡಿಬಿಟ್ಟ. ಹತ್ತಿರ ಬಂದು, ಭುಜದ ಮೇಲೆ ಕೈಯಿಟ್ಟು, ಹುಬ್ಬು ಗಂಟಿಕ್ಕಿ "ಆರಾಮಾ?" ಎಂದ.

"ಆರಾಮ" ಎಂದೆ.

ಇನ್ನೂ ಏನೋ ಹೇಳುತ್ತೇನೆಂದು ಅವನು ಕಾಯುತ್ತ ನಿಂತ. ನಾನು ಹೇಳಲಿಲ್ಲ.